ಒಂದೇ ಎಳೆ, ಐದು ಕಡ್ಡಿ: ಲಾಹೌಲ್ ಕಣಿವೆಯ ಕಾಲುಚೀಲ



ಮಲೆನಾಡಿನಲ್ಲಿ ಕಾಲುಚೀಲದ ಮಾತೆತ್ತಿದರೆ ಮೊದಲು ನೆನಪಾಗುವುದು ಇಂಬಳ. ಕೆಲವು ಸೀಮೆಗಳಲ್ಲಿ ಅದಕ್ಕೆ ಉಂಬಳ ಎನ್ನುತ್ತಾರೆ. ಮಳೆಗಾಲದಲ್ಲಿ ಕಾಡು ಸುತ್ತುವವರು ಮೊಣಕಾಲಿನವರೆಗೆ ಬರುವ, ಒತ್ತಾಗಿ ನೇಯ್ದ ಬಟ್ಟೆಯಿಂದ ಹೊಲಿದ ಚೀಲವನ್ನು ಕಾಲಿಗೆ ಕಟ್ಟಿಕೊಳ್ಳುತ್ತಾರೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಕಾಲುಚೀಲ ಅಲ್ಲಿ ಉಪಯೋಗಕ್ಕೆ ಬಾರದು. ಏಕೆಂದರೆ ಅದು ನೇಯ್ದದ್ದಲ್ಲ, ಹೆಣೆದದ್ದು. ಹೆಣಿಗೆಯ ಒಂದೊಂದು ಕುಣಿಕೆಯೂ ಒಂದೊಂದು ಕಣ್ಣು. ಎಳೆದಷ್ಟೂ ತೆಳ್ಳಗಾಗಬಲ್ಲ ಇಂಬಳಕ್ಕೆ ಅಂಥ ಒಂದು ಕಣ್ಣು ಹೆಬ್ಬಾಗಿಲಿನಂತೆ.

ಇಂಬಳದ ಎದುರು ಸೋಲುವ ಅದೇ ಕಣ್ಣು ಹಿಮದ ಎದುರು ಗೆಲ್ಲುತ್ತದೆ. ಪ್ರತಿಯೊಂದು ಕುಣಿಕೆಯೊಳಗೂ ಒಂದಿಷ್ಟು ಗಾಳಿ ಅಲುಗಾಡದೆ ನಿಲ್ಲುತ್ತದೆ. ನಿಂತ ಗಾಳಿಯ ಮೂಲಕ ಶಾಖ ಸುಲಭವಾಗಿ ಹಾಯಲಾರದು. ಕಾಲನ್ನು ಬೆಚ್ಚಗಿಡುವುದರಲ್ಲಿ ಉಣ್ಣೆಯ ಪಾಲು ಎಷ್ಟೋ ಈ ಗಾಳಿಯ ಪಾಲೂ ಅಷ್ಟೇ ಇದೆ. ಆದ್ದರಿಂದ ಕಾಲುಚೀಲವನ್ನು ಸರಿಯಾಗಿ ಅರಿಯಬೇಕಾದರೆ ಸಹ್ಯಾದ್ರಿಯಿಂದ ಇನ್ನೊಂದು ಬೆಟ್ಟಸೀಮೆಗೆ ಹೋಗಬೇಕು. ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಗೆ.

ಚಂದ್ರಾ ಮತ್ತು ಭಾಗಾ ಎಂಬ ಎರಡು ನದಿಗಳು ತಾಂಡಿ ಎಂಬಲ್ಲಿ ಕೂಡಿ ಚಂದ್ರಭಾಗಾ ಆಗುತ್ತವೆ. ಮುಂದೆ ಅದೇ ಚೆನಾಬ್. ತಾಂಡಿಯಿಂದ ಸ್ವಲ್ಪ ಮೇಲಕ್ಕೆ, ಭಾಗಾ ನದಿಯ ಬದಿಗೆ ಕೇಲಾಂಗ್ ಎಂಬ ಊರಿದೆ. ಸಮುದ್ರಮಟ್ಟದಿಂದ ಅದರ ಎತ್ತರ 3,000 ಮೀಟರಿಗೂ ಹೆಚ್ಚು. ಎಂದರೆ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗಿಂತ ಸಾವಿರ ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಅಲ್ಲಿನ ಜನ ಉತ್ತು ಬಿತ್ತು ಬಾಳುತ್ತಿದ್ದಾರೆ. ಪೀರ್ ಪಂಜಾಲ್ ಶ್ರೇಣಿ ಮುಂಗಾರಿನ ಮೋಡಗಳನ್ನು ತಡೆಯುವುದರಿಂದ ಅಲ್ಲಿ ಮಳೆ ಕಡಿಮೆ, ಹಿಮವೇ ಹೆಚ್ಚು. ವರ್ಷಕ್ಕೆ ಒಂದು ಬೇಸಿಗೆ, ಆ ಬೇಸಿಗೆಯಲ್ಲೇ ಬೆಳೆ. ಉಳಿದ ಕಾಲವೆಲ್ಲ ಹಿಮದ್ದು. 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿ ಮುಚ್ಚಿತೆಂದರೆ ತಿಂಗಳುಗಟ್ಟಲೆ ಹೊರಲೋಕದ ಸಂಪರ್ಕವೇ ಇರುತ್ತಿರಲಿಲ್ಲ. ಮಲೆನಾಡಿಗೆ ಮಳೆಗಾಲ ಹೇಗೋ ಲಾಹೌಲಿಗೆ ಹಿಮಗಾಲ ಹಾಗೆ. ಹೊರಗೆ ಹೋಗಲಾಗದ ಆ ದಿನಗಳಲ್ಲಿ ಮಲೆನಾಡಿನ ಜಗಲಿಯಲ್ಲಿ ಬುಟ್ಟಿ, ಚಾಪೆ ಹೆಣೆದಂತೆ, ಅಲ್ಲಿನ ಒಲೆಯ ಸುತ್ತ ಉಣ್ಣೆ ನೂಲುವುದು, ಕಾಲುಚೀಲ ಹೆಣೆಯುವುದು ನಡೆಯಿತು.

ಈ ವಿದ್ಯೆ ಅಲ್ಲಿ ಅನಾದಿಯಿಂದ ಬಂದದ್ದೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. ನೂಲುವುದು, ನೇಯುವುದು ಹಳೆಯವು. ಕಡ್ಡಿಗಳಿಂದ ಹೆಣೆಯುವುದನ್ನು ಹರಡಿದ ಶ್ರೇಯಸ್ಸು ಮಾತ್ರ ಮೊರೇವಿಯನ್ ಮಿಷನ್ನಿನ ಮರಿಯಾ ಹೈಡೆ ಎಂಬ ಹೆಣ್ಣುಮಗಳಿಗೆ ಸಲ್ಲುತ್ತದೆ. ಮಿಷನ್ನಿನವರು ಕೇಲಾಂಗ್‌ನಲ್ಲಿ ನೆಲೆಯೂರಿದ್ದು 1850ರ ದಶಕದಲ್ಲಿ. ಮರಿಯಾ 1859ರಲ್ಲಿ ಅಲ್ಲಿಗೆ ಬಂದು, ಆಗಸ್ಟ್ ವಿಲ್ಹೆಲ್ಮ್ ಹೈಡೆಯವರನ್ನು ಮದುವೆಯಾಗಿ, ಸುಮಾರು ನಾಲ್ಕು ದಶಕ ಅಲ್ಲಿಯೇ ಬಾಳಿದರು. ಕಣಿವೆಯ ಹೆಂಗಸರಿಗೂ ಹುಡುಗಿಯರಿಗೂ ಹೆಣಿಗೆಯ ಶಾಲೆ ನಡೆಸಿದರು. ಮಿಷನ್ನಿನವರು ಬಂದ ಮುಖ್ಯ ಉದ್ದೇಶ ಧರ್ಮಪ್ರಚಾರ. ಅದರಲ್ಲಿ ಅವರಿಗೆ ದಕ್ಕಿದವರು ಬಹಳ ಸ್ವಲ್ಪ ಮಂದಿ. ಕಾಲುಚೀಲವನ್ನು ಮಾತ್ರ ಕಣಿವೆ ಪೂರ್ತಿಯಾಗಿ ತನ್ನದಾಗಿಸಿಕೊಂಡಿತು. ಹೊರಗಿನಿಂದ ಬಂದ ವಿದ್ಯೆ ಹೀಗೆ ಬೇರೂರಲು ಕಾರಣವಿತ್ತು. ಕುರಿಯ ಉಣ್ಣೆ ಅಲ್ಲಿಯೇ ಇತ್ತು, ನೂಲುವ ಕೈ ಅಲ್ಲಿಯೇ ಇತ್ತು, ಐದಾರು ತಿಂಗಳ ಬಿಡುವು ಇತ್ತು, ಹಿಮದಲ್ಲಿ ನಡೆಯಬೇಕಾದ ಕಾಲೂ ಇತ್ತು. ಮರಿಯಾ ತಂದುಕೊಟ್ಟದ್ದು ಕಡ್ಡಿಯ ನಡೆಯೊಂದನ್ನೇ. ಆಮೇಲೆ ಕಾಲುಚೀಲದ ಮೇಲ್ಭಾಗದಲ್ಲಿ ಮೂಡಿದ ಬಣ್ಣಬಣ್ಣದ ಪಟ್ಟಿಗಳು, ನಕ್ಷತ್ರದಂಥ ಚಿತ್ತಾರಗಳು ಕಣಿವೆಯ ಹೆಂಗಸರ ಬೆರಳುಗಳಲ್ಲಿ ಬೆಳೆದವು.

ಆ ಕಡ್ಡಿಯ ನಡೆಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು.

ನೇಯ್ಗೆಗೆ ಮಗ್ಗ ಬೇಕು, ಹಾಸು ಬೇಕು, ಹೊಕ್ಕು ಬೇಕು. ಹೆಣಿಗೆಗೆ ಬೇಕಾದುದು ಒಂದೇ ಎಳೆ. ಒಂದು ಕುಣಿಕೆಯೊಳಗಿನಿಂದ ಇನ್ನೊಂದು ಕುಣಿಕೆಯನ್ನು ಎಳೆಯುವುದು, ಅದರೊಳಗಿನಿಂದ ಮತ್ತೊಂದನ್ನು ಎಳೆಯುವುದು; ಕೆಲಸ ಇಷ್ಟೇ. ಮುಂದಕ್ಕೆ ಎಳೆದರೆ ಸೀದಾ, ಹಿಂದಕ್ಕೆ ಎಳೆದರೆ ಉಲ್ಟಾ. ಸ್ವೆಟರಿನ ಬೆನ್ನನ್ನು ಎರಡು ಕಡ್ಡಿಗಳಲ್ಲಿ ಹಾಳೆಯಂತೆ ಹೆಣೆಯಬಹುದು. ಕಾಲುಚೀಲ ಕೊಳವೆ, ಅದಕ್ಕೆ ಎರಡೂ ತುದಿ ಚೂಪಾದ ಐದು ಕಡ್ಡಿಗಳು ಬೇಕು. ನಾಲ್ಕು ಕಡ್ಡಿಗಳು ಚೌಕವಾಗಿ ನಿಂತು ಕುಣಿಕೆಗಳನ್ನು ಹೊತ್ತುಕೊಳ್ಳುತ್ತವೆ. ಐದನೆಯದು ಕೆಲಸ ಮಾಡುತ್ತದೆ. ಒಂದು ಬದಿ ಮುಗಿದೊಡನೆ ಅಲ್ಲಿ ಖಾಲಿಯಾದ ಕಡ್ಡಿ ದುಡಿಯುವ ಕಡ್ಡಿಯಾಗುತ್ತದೆ. ಹೀಗೆ ಸುತ್ತುತ್ತಾ ಹೋದರೆ ಎಲ್ಲಿಯೂ ಹೊಲಿಗೆಯಿಲ್ಲದ ಕೊಳವೆ ಇಳಿಯುತ್ತದೆ. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ರೂಪಿಸಿದ ಮೊದಲ ಹೆಣಿಗೆ ಯಂತ್ರಕ್ಕೆ ಈ ಕೊಳವೆ ಸಾಧ್ಯವಾಗಿರಲಿಲ್ಲ. ಅದು ಹಾಳೆಯನ್ನು ಹೆಣೆಯುತ್ತಿತ್ತು, ಹಿಂದುಗಡೆ ಹೊಲಿಗೆ ಹಾಕಬೇಕಾಗುತ್ತಿತ್ತು.

ಸಾಧಾರಣ ದಪ್ಪದ ಉಣ್ಣೆನೂಲಿನಲ್ಲಿ ವಯಸ್ಕರ ಒಂದು ಕಾಲಿಗೆ 48 ಕುಣಿಕೆಗಳೆಂದು ಇಟ್ಟುಕೊಳ್ಳಬಹುದು, ಕಡ್ಡಿಗೆ 12ರಂತೆ. ಮೊದಲ ಕೆಲವು ಸುತ್ತು ಎರಡು ಸೀದಾ, ಎರಡು ಉಲ್ಟಾ. ಈ ಏರುಪೇರಿನಿಂದ ಬಾಯಿ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ, ಚೀಲ ಜಾರುವುದಿಲ್ಲ. ಆಮೇಲೆ ಬರಿಯ ಸೀದಾ ಸುತ್ತುಗಳು. ಚಿತ್ತಾರ ಬೇಕಾದವರು ಎರಡು ಬಣ್ಣದ ನೂಲುಗಳನ್ನು ಜೊತೆಯಾಗಿ ಒಯ್ಯುತ್ತಾರೆ. ಹೊರಗೆ ಒಂದು ಬಣ್ಣ ಕಾಣುವಾಗ ಇನ್ನೊಂದು ಒಳಮೈಯಲ್ಲಿ ಹಾಯುತ್ತದೆ. ಇದರಿಂದ ಬಟ್ಟೆ ಇಮ್ಮಡಿ ದಪ್ಪವಾಗುವುದರಿಂದ, ಚೆಲುವಿಗೆಂದು ಮಾಡಿದ್ದು ಬೆಚ್ಚನೆಗೂ ಒದಗುತ್ತದೆ.

ಇಲ್ಲಿಯವರೆಗಿನದನ್ನು ಹತ್ತು ವರ್ಷದ ಮಗುವೂ ಮಾಡೀತು. ಮುಂದೆ ಬರುವುದು ಹಿಮ್ಮಡಿ, ಹೆಣೆಯುವವರ ನಿಜವಾದ ಪರೀಕ್ಷೆ ಅಲ್ಲಿದೆ.

ಮನುಷ್ಯನ ಕಾಲು ನೆಟ್ಟಗೆ ಇಳಿದು ಒಮ್ಮೆಗೇ ಮುಂದಕ್ಕೆ ತಿರುಗುತ್ತದೆ. ನೆಟ್ಟಗಿನ ಕೊಳವೆಯನ್ನು ಆ ತಿರುವಿಗೆ ತೊಡಿಸಿದರೆ ಮುಂದುಗಡೆ ನೆರಿಗೆ, ಹಿಂದುಗಡೆ ಬಿಗಿತ. ಆದ್ದರಿಂದ ಹೆಣೆಯುವವಳು ಇಲ್ಲಿ ಸುತ್ತುವುದನ್ನು ನಿಲ್ಲಿಸುತ್ತಾಳೆ. ಪಾದದ ಮೇಲ್ಭಾಗದ 24 ಕುಣಿಕೆಗಳನ್ನು ಸುಮ್ಮನೆ ಬಿಟ್ಟು, ಹಿಂಬದಿಯ 24ರ ಮೇಲೆ ಮಾತ್ರ ಹೋಗಿ ಬಂದು 24 ಸಾಲು ಹೆಣೆಯುತ್ತಾಳೆ. ಒಂದು ಚಿಕ್ಕ ನಾಲಿಗೆ ಇಳಿಯುತ್ತದೆ. ಈ ನಾಲಿಗೆಯಲ್ಲಿ ಒಂದು ಕುಣಿಕೆ ಹೆಣೆದು ಮತ್ತೊಂದನ್ನು ಹೆಣೆಯದೆ ದಾಟಿಸುವ ರೂಢಿಯಿದೆ. ದಾಟಿಸಿದ ಕಡೆಯಲ್ಲಿ ನೂಲು ಒಳಗೆ ಅಡ್ಡಲಾಗಿ ಬೀಳುತ್ತದೆ. ಚಪ್ಪಲಿಯೋ ಬೂಟೋ ಹೆಚ್ಚು ಉಜ್ಜುವ ಜಾಗ ಇದಾದ್ದರಿಂದ ಆ ದಪ್ಪ ಅಲ್ಲಿಗೆ ಬೇಕೇ ಬೇಕು.

ಅನಂತರ ಬಟ್ಟಲಿನ ಕೆಲಸ. 24ರಲ್ಲಿ 14 ಕುಣಿಕೆ ಹೆಣೆದು, ಮುಂದಿನ ಎರಡನ್ನು ಒಂದಾಗಿಸಿ, ಇನ್ನೊಂದನ್ನು ಹೆಣೆದು, ಸಾಲು ಮುಗಿಯದಿದ್ದರೂ ನಡುದಾರಿಯಲ್ಲೇ ತಿರುಗಬೇಕು. ಹಿಂದಿರುಗುವಾಗ ಮೊದಲನೆಯದನ್ನು ದಾಟಿಸಿ, ಐದು ಉಲ್ಟಾ ಹಾಕಿ, ಎರಡನ್ನು ಒಂದಾಗಿಸಿ, ಒಂದು ಹೆಣೆದು ಮತ್ತೆ ತಿರುಗಬೇಕು. ತಿರುಗಿದ ಕಡೆಯಲ್ಲಿ ಒಂದು ಸಣ್ಣ ಸಂದು ಕಾಣುತ್ತದೆ. ಪ್ರತಿ ಸಾಲಿನಲ್ಲೂ ಆ ಸಂದಿನ ಆಚೆ ಈಚೆಯ ಕುಣಿಕೆಗಳನ್ನು ಕೂಡಿಸುತ್ತಾ ಒಂದೊಂದು ಹೆಜ್ಜೆ ಮುಂದಕ್ಕೆ ಹೋದರೆ, ಎಲ್ಲ ಮುಗಿಯುವಾಗ 24 ಇದ್ದದ್ದು 14 ಆಗಿರುತ್ತದೆ, ಚಪ್ಪಟೆಯಾಗಿದ್ದ ನಾಲಿಗೆ ಬಟ್ಟಲಾಗಿ ಬಾಗಿರುತ್ತದೆ. ಮೊದಲ ಸಲ ಮಾಡುವವರಿಗೆ ಬಟ್ಟಲು ಕೈಯಲ್ಲಿ ಮೂಡುವವರೆಗೂ ತಾವು ಮಾಡುತ್ತಿರುವುದು ತಪ್ಪೆಂದೇ ಅನ್ನಿಸುತ್ತದೆ. ಪುಸ್ತಕದಲ್ಲಿ ಓದಿ ಕಲಿಯುವವರು ಇಲ್ಲಿಯೇ ಕೈಬಿಡುವುದು ಹೆಚ್ಚು. ಪಕ್ಕದಲ್ಲಿ ಬಲ್ಲವಳೊಬ್ಬಳು ಕುಳಿತಿದ್ದರೆ ಒಂದು ಸಂಜೆಯಲ್ಲಿ ಬರುತ್ತದೆ.

ನಾಲಿಗೆಯ ಎರಡು ಅಂಚುಗಳಿಂದ ಹನ್ನೆರಡು ಹನ್ನೆರಡು ಕುಣಿಕೆಗಳನ್ನು ಹೊಸದಾಗಿ ಎತ್ತಿಕೊಂಡರೆ, ಬಿಟ್ಟಿದ್ದ 24 ಸೇರಿ ಒಟ್ಟು 62. ಮತ್ತೆ ಸುತ್ತು ಆರಂಭ. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಎರಡೆರಡು ಕಡಿಮೆ ಮಾಡುತ್ತಾ ಏಳು ಸಲದಲ್ಲಿ 48ಕ್ಕೆ ಮರಳುವುದು. ಅಲ್ಲಿಂದ ಬೆರಳಿನ ಬುಡದವರೆಗೆ ನೇರ ದಾರಿ. ಬೆರಳಿನ ಕಡೆ ಕಡಿಮೆ ಮಾಡುತ್ತಾ ಹೋಗಿ, ಉಳಿದ ಕೆಲವೇ ಕುಣಿಕೆಗಳನ್ನು ಎದುರುಬದುರು ಇಟ್ಟು ಸೂಜಿಯಿಂದ ಕೂಡಿಸಿದರೆ ಒಂದು ಕಾಲಿನದು ಮುಗಿಯಿತು. ಎರಡನೆಯದು ಉಳಿಯಿತು! ಕಾಲುಚೀಲ ಹೆಣೆಯುವವರ ಜಗತ್ತಿನಲ್ಲಿ ಒಂಟಿಯಾಗಿಯೇ ಉಳಿದುಹೋದ ಕಾಲುಚೀಲಗಳ ಸಂಖ್ಯೆ ಸಣ್ಣದೇನಲ್ಲ.

ಈಗ ಒಂದು ಲೆಕ್ಕ. ಈ ಅಳತೆಯ ಒಂದು ಜೊತೆಯಲ್ಲಿ ಹತ್ತಿರ ಹತ್ತಿರ 12 ಸಾವಿರ ಕುಣಿಕೆಗಳಿರುತ್ತವೆ. ನಿಮಿಷಕ್ಕೆ 20ರಂತೆ ಕೈ ನಡೆದರೂ ಹತ್ತು ಗಂಟೆಯ ಕೆಲಸ. ಚಿತ್ತಾರವಿದ್ದರೆ ಇನ್ನೂ ಹೆಚ್ಚು. ಕುರಿಯ ಉಣ್ಣೆ ಕತ್ತರಿಸಿ, ತೊಳೆದು, ಹಿಂಜಿ, ಕದಿರಿನಲ್ಲಿ ನೂತ ಹೊತ್ತು ಇದರಲ್ಲಿ ಸೇರಿಲ್ಲ. ಎಂಟು ಗಂಟೆಯ ಕೂಲಿದಿನದ ಲೆಕ್ಕದಲ್ಲಿ ಒಂದೂಕಾಲು ದಿನ. ರಸ್ತೆಬದಿಯಲ್ಲಿ ಕಾಲುಚೀಲ ಕೊಳ್ಳುವ ಪ್ರವಾಸಿ ಚೌಕಾಶಿ ಮಾಡುವಾಗ ಈ ಲೆಕ್ಕ ಅವನಿಗೆ ಗೊತ್ತಿರುವುದಿಲ್ಲ. ಮಾರುವವಳೂ ಹೇಳುವುದಿಲ್ಲ, ಏಕೆಂದರೆ ಹಿಮಗಾಲದ ಹೊತ್ತಿಗೆ ಬೆಲೆ ಕಟ್ಟುವ ಅಭ್ಯಾಸ ಅವಳಿಗೂ ಇಲ್ಲ. ಹೆಂಗಸರ ಬಿಡುವಿನ ವೇಳೆಯ ಕೆಲಸ ಎಂಬ ಮಾತು ಎಲ್ಲ ಬೆಟ್ಟಸೀಮೆಗಳಲ್ಲೂ ಕೇಳುತ್ತದೆ. ಹಪ್ಪಳ, ಉಪ್ಪಿನಕಾಯಿ, ಚಾಪೆ ಎಲ್ಲವೂ ಬಿಡುವಿನ ವೇಳೆಯವೇ. ಬಿಡುವು ಎಂಬ ಪದದ ನೆರಳಿನಲ್ಲಿ ಎಷ್ಟು ದುಡಿಮೆ ಪುಕ್ಕಟೆಯಾಗಿ ಸಾಗಿಹೋಗಿದೆ ಎಂಬುದನ್ನು ಈ ಕಾಲುಚೀಲ ಗಂಟೆಗಳಲ್ಲಿ ತೋರಿಸಿಕೊಡುತ್ತದೆ.

ಇಷ್ಟು ಗಂಟೆಗಳಿಗೆ ಪ್ರತಿಯಾಗಿ ಸಿಗುವುದೇನು? ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡೂ ಒದ್ದೆಯೆನ್ನಿಸುವುದಿಲ್ಲ; ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಇದಕ್ಕಿಂತ ದೊಡ್ಡ ಗುಣ ಹೆಣಿಗೆಯದು. ಎಲ್ಲವೂ ಒಂದೇ ಎಳೆಯಾದ್ದರಿಂದ ಅದನ್ನು ಬಿಚ್ಚಬಹುದು. ಹರಿದ ನೇಯ್ಗೆಗೆ ತೇಪೆ ಹಾಕಬೇಕು. ಸವೆದ ಕಾಲುಚೀಲದ ಪಾದವನ್ನಾದರೋ ಬಿಚ್ಚಿ, ಗಟ್ಟಿಯಾಗಿರುವ ಮೇಲ್ಭಾಗದ ಕುಣಿಕೆಗಳನ್ನು ಮತ್ತೆ ಕಡ್ಡಿಗೇರಿಸಿ, ಹೊಸ ಪಾದವನ್ನೇ ಹೆಣೆಯಬಹುದು. ಯುರೋಪಿನ ಹಳ್ಳಿಗಳಲ್ಲಿ ಹಿಂದೆ ಇದು ಮನೆಮನೆಯ ಕೆಲಸವಾಗಿತ್ತು. ಸಣ್ಣ ತೂತಾದರೆ ಒಂದು ಉರುಟು ಕಾಯಿಯನ್ನೋ ಲೋಟವನ್ನೋ ಒಳಗಿಟ್ಟು ಹಿಗ್ಗಿಸಿ, ಅದೇ ನೂಲಿನಿಂದ ರಫೂ ಮಾಡಿದರೆ ಸಾಕು.

ಲಾಹೌಲಿನ ಹೆಣೆದ ಕಾಲುಚೀಲ ಮತ್ತು ಕೈಗವಸುಗಳಿಗೆ 2021ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅಪ್ಪೆಮಿಡಿಗೆ 2009ರಲ್ಲಿ, ಶಿರಸಿ ಅಡಿಕೆಗೆ 2019ರಲ್ಲಿ ದೊರೆತದ್ದು ಇದೇ ಮಾನ್ಯತೆ. ಇದರಿಂದ ಹೆಸರಿಗೆ ರಕ್ಷಣೆ ಸಿಗುತ್ತದೆ. ಬೇರೆಲ್ಲೋ ಯಂತ್ರದಲ್ಲಿ ತಯಾರಾದದ್ದನ್ನು ಲಾಹೌಲಿನದೆಂದು ಮಾರುವಂತಿಲ್ಲ. ಇದು ಒಳ್ಳೆಯದೇ. ಆದರೆ ಅಪ್ಪೆಮಿಡಿಯ ಹೆಸರು ಕಾಗದದಲ್ಲಿ ಭದ್ರವಾದ ಮಾತ್ರಕ್ಕೆ ಹೊಳೆದಂಡೆಯ ಅಪ್ಪೆಮರ ಉಳಿಯುತ್ತದೆಂದು ಹೇಳಲಾಗದು. ಹಾಗೆಯೇ ಕಾಲುಚೀಲಕ್ಕೆ ಬೇಕಾದ ಉಣ್ಣೆ ಮತ್ತು ಹೊತ್ತು, ಇವೆರಡನ್ನೂ ಆ ಕಾಗದ ಕಾಯಲಾರದು.

ಹೊತ್ತಿನ ವಿಷಯ ಹೀಗಿದೆ. 2020ರ ಅಕ್ಟೋಬರ್ 3ರಂದು ರೋಹ್ತಾಂಗ್‌ನ ಅಡಿಯಲ್ಲಿ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆಯಿತು. ಹಿಮಗಾಲದಲ್ಲಿ ರೋಗಿಯನ್ನು ಆಸ್ಪತ್ರೆಗೆ ಒಯ್ಯಲಾರದೆ ಕಂಗೆಟ್ಟಿದ್ದ ಜನರಿಗೆ ಅದು ಎಷ್ಟು ದೊಡ್ಡ ಆಸರೆಯೆಂಬುದನ್ನು ಮಳೆಗಾಲದಲ್ಲಿ ಸೇತುವೆ ಕೊಚ್ಚಿಹೋಗಿ ದ್ವೀಪವಾಗುವ ಮಲೆನಾಡಿನ ಊರುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸುರಂಗವನ್ನು ದೂರುವುದು ದೂರದಲ್ಲಿ ಕುಳಿತವರ ವಿಲಾಸವಾದೀತು. ಆದರೆ ಅದೇ ದಾರಿಯಲ್ಲಿ ಪ್ರವಾಸಿಯೂ ಬರುತ್ತಾನೆ, ಅಗ್ಗದ ಅಕ್ರಿಲಿಕ್ ಕಾಲುಚೀಲದ ಮೂಟೆಯೂ ಬರುತ್ತದೆ. ಕೊಳ್ಳುವವರು ಹೆಚ್ಚಾದರು, ಹೆಣೆಯುವ ಬಿಡುವು ಕಡಿಮೆಯಾಯಿತು. ಇವೆರಡರಲ್ಲಿ ಯಾವುದು ಗೆಲ್ಲುತ್ತದೆ ಎಂಬುದನ್ನು ಕಣಿವೆಯ ಹೆಣ್ಣುಮಕ್ಕಳಿಗೆ ಸಿಗುವ ಬೆಲೆಯೇ ನಿರ್ಧರಿಸೀತು.

ಅಕ್ರಿಲಿಕ್ ನೋಡಲು ಉಣ್ಣೆಯಂತಿರುವ, ಪೆಟ್ರೋಲಿಯಂ ಮೂಲದಿಂದ ತಯಾರಾದ ಪ್ಲಾಸ್ಟಿಕ್ ನೂಲು. ಮಲೆನಾಡಿನ ಪೇಟೆಗಳಲ್ಲಿ ಉಲ್ಲನ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಉಂಡೆಗಳಲ್ಲಿ ಬಹುಪಾಲು ಇದೇ. ಹೆಸರಿನಲ್ಲಿ ಉಣ್ಣೆ ಇದೆ, ನೂಲಿನಲ್ಲಿ ಇಲ್ಲ. 2016ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಬಟ್ಟೆ ಒಗೆಯುವ ಯಂತ್ರದಿಂದ ಹೊರಬರುವ ನೀರನ್ನು ಸೋಸಿ ಲೆಕ್ಕ ಹಾಕಿದರು. ಆರು ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಒಮ್ಮೆ ಒಗೆದಾಗ 7 ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ನೀರಿಗೆ ಸೇರಬಹುದೆಂದು ಕಂಡುಬಂತು. ಅವು ಕೊಳೆಯುವುದಿಲ್ಲ. ನದಿಮೂಲದಲ್ಲಿ ಕುಳಿತವರು ಒಗೆದ ನೀರನ್ನೇ ಕೆಳಗಿನವರು ಕುಡಿಯುತ್ತಾರೆ. ಚೆನಾಬ್‌ಗೂ ತುಂಗೆಗೂ ಈ ಮಾತು ಒಂದೇ. ಉಣ್ಣೆಯೂ ಎಳೆ ಉದುರಿಸುತ್ತದೆ, ಆದರೆ ಅದು ಮಣ್ಣಿನಲ್ಲಿ ಮಣ್ಣಾಗುತ್ತದೆ. ಹಾಗೆಂದು ಉಣ್ಣೆ ನಿರ್ದೋಷಿಯೆಂದೇನೂ ಅಲ್ಲ. ಶುದ್ಧ ಉಣ್ಣೆಯ ಹಿಮ್ಮಡಿ ಬೇಗ ಸವೆಯುತ್ತದೆ. ಅದಕ್ಕಾಗಿಯೇ ಕಾಲುಚೀಲದ ನೂಲು ತಯಾರಿಸುವ ಕಂಪನಿಗಳು ಸಾಮಾನ್ಯವಾಗಿ ನಾಲ್ಕನೆಯ ಒಂದು ಪಾಲು ನೈಲಾನ್ ಬೆರೆಸುತ್ತವೆ. ಬೆರೆತ ಮೇಲೆ ಅದು ಪೂರ್ತಿ ಮಣ್ಣಾಗುವುದಿಲ್ಲ. ಹಿಮ್ಮಡಿಯನ್ನು ದಪ್ಪವಾಗಿ ಹೆಣೆಯುವ ಹಳೆಯ ಜಾಣ್ಮೆ ನೈಲಾನ್ ಇಲ್ಲದ ಕಾಲದ ಉತ್ತರವಾಗಿತ್ತು.

ಇನ್ನು ಕರ್ನಾಟಕದ ಉಣ್ಣೆಯ ಕಥೆ. ಮಲೆನಾಡಿನ ಗದ್ದೆಗಳಲ್ಲಿ ಮಳೆಗೆ ಹೊದೆಯುವ ಕಂಬಳಿಕೊಪ್ಪೆ ಮಲೆನಾಡಿನದಲ್ಲ. ಅದು ಬಯಲುಸೀಮೆಯ ಡೆಕ್ಕನಿ ಕುರಿಯ ಮೈಮೇಲಿನಿಂದ, ಚಳ್ಳಕೆರೆಯಂಥ ಊರುಗಳ ಕುರುಬರ ಮಗ್ಗದಿಂದ, ಹುಣಸೆಬೀಜದ ಗಂಜಿ ಕುಡಿದು ಬಿಗಿಯಾಗಿ ಬಂದದ್ದು. ಪ್ಲಾಸ್ಟಿಕ್ ಹಾಳೆ, ರೇನ್‌ಕೋಟು ಬಂದ ಮೇಲೆ ಗದ್ದೆಯಲ್ಲಿ ಕೊಪ್ಪೆ ಕಾಣುವುದು ಅಪರೂಪವಾಯಿತು. ಕೊಳ್ಳುವವರಿಲ್ಲದೆ ಉಣ್ಣೆಯ ಬೆಲೆ ಕುಸಿಯಿತು. ಮಾಂಸದ ಬೇಡಿಕೆ ಹೆಚ್ಚಿದಂತೆ ಕುರಿಗಾರರು ಉಣ್ಣೆಯಿಲ್ಲದ ತಳಿಗಳ ಟಗರು ತಂದು ಕೂಡಿಸಿದರು. ಉಣ್ಣೆ ಕತ್ತರಿಸುವ ಕೂಲಿಯೂ ಹುಟ್ಟದೆ, ಕತ್ತರಿಸಿದ್ದನ್ನು ಹಾಗೆಯೇ ಚೆಲ್ಲಿ ಹೋಗುವ ಕುರಿಗಾರರಿದ್ದಾರೆ. ಇತ್ತ ಮಲೆನಾಡಿನ ಶಾಲೆಯ ಮಕ್ಕಳು ಆಷಾಢದ ಮಳೆಯಲ್ಲಿ ಒದ್ದೆಯಾದ ನೈಲಾನ್ ಕಾಲುಚೀಲದಲ್ಲಿ ದಿನವಿಡೀ ಕುಳಿತು, ಬೆರಳುಸಂದಿ ಬೆಳ್ಳಗಾಗಿ ಮನೆಗೆ ಬರುತ್ತಾರೆ.

ಡೆಕ್ಕನಿ ಉಣ್ಣೆ ಒರಟು. ಬರಿಮೈಗೆ ಚುಚ್ಚುತ್ತದೆ, ಮಕ್ಕಳ ಕಾಲಿಗೆ ಅದನ್ನೇ ತೊಡಿಸಬೇಕೆಂದು ವಾದಿಸಿದರೆ ಮಕ್ಕಳೇ ಒಪ್ಪುವುದಿಲ್ಲ. ಆದರೆ ಅಂಗಾಲು ಒರಟಿಗೆ ಒಗ್ಗಿದ ಜಾಗ. ಬೂಟಿನೊಳಗೆ ದುಡಿಯುವವರ ಕಾಲಿಗೆ, ಹಿಮ್ಮಡಿಗೆ ಆ ಒರಟುತನವೇ ಬಾಳಿಕೆ. ಲಾಹೌಲಿನಲ್ಲಿ 1859ರಲ್ಲಿ ಉಣ್ಣೆ ಇತ್ತು, ಕಡ್ಡಿಯ ನಡೆ ಇರಲಿಲ್ಲ. ಅದನ್ನು ಒಬ್ಬ ಹೆಣ್ಣುಮಗಳು ತಂದಳು. ಕರ್ನಾಟಕದಲ್ಲಿ ಉಣ್ಣೆ ಬಯಲಿನಲ್ಲಿ ಬಿದ್ದಿದೆ. ಸ್ವೆಟರು ಹೆಣೆಯಬಲ್ಲ ತಾಯಂದಿರು ಈ ಸಭೆಯಲ್ಲೇ ಕೆಲವರಿದ್ದಾರು. ನಡುವೆ ಇರುವುದು ಘಟ್ಟದ ಒಂದು ರಸ್ತೆ.

ಕಲಿಯಲು ಬಯಸುವ ವಿದ್ಯಾರ್ಥಿಗಳು ಕಡ್ಡಿ ಕೊಳ್ಳಲು ಪೇಟೆಗೆ ಓಡಬೇಕಾಗಿಲ್ಲ. ಹಳೆಯ ಸೈಕಲ್ ಚಕ್ರದ ಕಡ್ಡಿ, ಮುರಿದ ಛತ್ರಿಯ ಕಡ್ಡಿ, ನಯವಾಗಿ ಕೆರೆದ ಬಿದಿರಿನ ಸೀಳು ಯಾವುದಾದರೂ ಆದೀತು. ಐದೂ ಒಂದೇ ದಪ್ಪವಿದ್ದು, ತುದಿಯನ್ನು ಕಲ್ಲಿನ ಮೇಲೆ ಉಜ್ಜಿ ದುಂಡಗೆ ಮಾಡಿರಬೇಕು. ಮೊದಲು 24 ಕುಣಿಕೆಯ ಸಣ್ಣ ಚೀಲವೊಂದನ್ನು ಹೆಣೆದರೆ ಒಂದೆರಡು ಸಂಜೆಯಲ್ಲಿ ಹಿಮ್ಮಡಿ ಕೈಗೆ ಸಿಗುತ್ತದೆ. ಮೊದಲ ಚೀಲಗಳಲ್ಲಿ ಹಿಮ್ಮಡಿಯ ನಾಲಿಗೆಯೂ ಪಾದದ ಮೇಲ್ಭಾಗವೂ ಕೂಡುವ ಎರಡು ಮೂಲೆಗಳಲ್ಲಿ ತೂತು ಉಳಿಯುವುದು ಸಹಜ. ಅಂಚಿನಿಂದ ಕುಣಿಕೆ ಎತ್ತುವಾಗ ಆ ಮೂಲೆಯಲ್ಲಿ ಒಂದನ್ನು ಹೆಚ್ಚಾಗಿ ಎತ್ತಿಕೊಂಡು, ಮುಂದಿನ ಸುತ್ತಿನಲ್ಲಿ ಅದನ್ನು ಪಕ್ಕದ ಕುಣಿಕೆಯೊಡನೆ ಕೂಡಿಸಿ ಹೆಣೆದರೆ ತೂತು ಮುಚ್ಚುತ್ತದೆ.